ಲಾವಣಿ ದುಡ್ಡು, ಪಾಲಿನ ದುಡ್ಡು: ಕಲಬುರಗಿಯಲ್ಲಿ ಕೂತು ವೆಂಚರ್ ಕ್ಯಾಪಿಟಲ್ ಕೇಳುವ ಬಗೆ

ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತಾ ನಿಂತಿದ್ದೆ. ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದ ಹುಡುಗ ಒಬ್ಬ ಬಂದು ಕೇಳಿದ: "ಅಣ್ಣಾ, ಈ ವಿಸಿ ಲೋನಿಗೆ ಬಡ್ಡಿ ಎಷ್ಟು ಬೀಳ್ತದ?" ವಿಸಿ ಅಂದರೆ ವೆಂಚರ್ ಕ್ಯಾಪಿಟಲ್, ಹೊಸ ಕಂಪನಿಯ ಷೇರು ತಗೊಂಡು ಹಾಕುವ ದುಡ್ಡು. ಅದು ಸಾಲವೇ ಅಲ್ಲ. ನಗು ಬಂತು, ತಡೆದುಕೊಂಡೆ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಕೇಳಿದ್ದೆ, ಅದೂ ಬೆಂಗಳೂರಿನ ಒಂದು ಫಂಡಿನ ಆಫೀಸಿನಲ್ಲಿ ಕೂತು.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ನಮ್ಮ ಕಡೆ ಹೊಲವನ್ನು ಎರಡು ಥರ ಕೊಡುತ್ತಾರೆ. ಲಾವಣಿಗೆ ಕೊಟ್ಟರೆ ಮಳೆ ಬರಲಿ ಬಿಡಲಿ, ಮಾತಾದ ದುಡ್ಡು ಕೊಡಲೇಬೇಕು. ಪಾಲಿಗೆ ಕೊಟ್ಟರೆ ಬೆಳೆದದ್ದರಲ್ಲಿ ಪಾಲು, ಬೆಳೆಯದಿದ್ದರೆ ಇಬ್ಬರಿಗೂ ಇಲ್ಲ. ಬ್ಯಾಂಕ್ ಸಾಲ ಲಾವಣಿ ಇದ್ದ ಹಾಗೆ. ವೆಂಚರ್ ಕ್ಯಾಪಿಟಲ್ ಪಾಲು ಇದ್ದ ಹಾಗೆ. ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ಹೊಲದ ಪಾಲು ಒಂದು ಬೆಳೆಗೆ ಮುಗಿಯುತ್ತದೆ. ಇಲ್ಲಿ ಹೊಲದ ಒಂದು ತುಂಡನ್ನೇ ಅವರ ಹೆಸರಿಗೆ ಬರೆದುಕೊಡುತ್ತೀರಿ.

ಹೆಜ್ಜೆ 1: ಆ ದುಡ್ಡು ಯಾರದ್ದು ಅಂತ ತಿಳಿಯಿರಿ

ವಿಸಿ ಕಂಪನಿ ನಡೆಸುವವರು ಹೂಡುವುದು ಹೆಚ್ಚಾಗಿ ತಮ್ಮ ಸ್ವಂತ ದುಡ್ಡಲ್ಲ. ಶ್ರೀಮಂತ ಮನೆತನಗಳು, ವಿಮಾ ಕಂಪನಿಗಳು, ಸಣ್ಣ ಉದ್ಯಮಗಳ ಬ್ಯಾಂಕ್ ಸಿಡ್ಬಿ ನಡೆಸುವ ಫಂಡ್ ಆಫ್ ಫಂಡ್ಸ್ (ಬೇರೆ ಫಂಡ್‌ಗಳಿಗೆ ದುಡ್ಡು ಹಾಕುವ ಫಂಡ್) ಇಂಥವರಿಂದ ಸೇರಿಸಿ ತಂದದ್ದು. ನಮ್ಮ ದೇಶದಲ್ಲಿ ಇದು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ 2012ರ ಎಐಎಫ್ (ಪರ್ಯಾಯ ಹೂಡಿಕೆ ನಿಧಿ) ನಿಯಮಗಳ ಕೆಳಗೆ ನಡೆಯುತ್ತದೆ. ಸಾಮಾನ್ಯವಾಗಿ ಒಬ್ಬ ಹೂಡಿಕೆದಾರ ಕನಿಷ್ಠ 1 ಕೋಟಿ ಹಾಕಬೇಕು, ಒಂದು ಸ್ಕೀಮಿನಲ್ಲಿ ಕನಿಷ್ಠ 20 ಕೋಟಿ ಸೇರಬೇಕು. ಫಂಡಿನ ಆಯುಷ್ಯ ಸಾಮಾನ್ಯವಾಗಿ 8ರಿಂದ 10 ವರ್ಷ. ಅಷ್ಟರೊಳಗೆ ದುಡ್ಡು ಬೆಳೆಸಿ ವಾಪಸ್ ಕೊಡಬೇಕು. ನಡೆಸುವವರಿಗೆ ವರ್ಷಕ್ಕೆ ಸುಮಾರು 2% ಶುಲ್ಕ, ಕೊನೆಗೆ ಬಂದ ಲಾಭದಲ್ಲಿ ಸುಮಾರು 20% ಪಾಲು ಅನ್ನುವುದು ವಾಡಿಕೆ.

ಈಗ ಒಂದು ಲೆಕ್ಕ ಹಾಕೋಣ. ಇಡೀ ಲೇಖನದಲ್ಲಿ ನೆನಪಿಡಬೇಕಾದದ್ದು ಇದೇ.

100 ಕೋಟಿಯ ಫಂಡ್ ಅಂತಿಟ್ಟುಕೊಳ್ಳಿ. ಶುಲ್ಕ, ಖರ್ಚು ಕಳೆದು ಕಂಪನಿಗಳಿಗೆ ಹೋಗುವುದು 80 ಕೋಟಿ ಆಸುಪಾಸು. ಅದನ್ನು 25 ಕಂಪನಿಗಳಿಗೆ ಹಂಚುತ್ತಾರೆ. ಶುರುವಿನ ಹಂತದ ಕಂಪನಿಗಳಲ್ಲಿ ಬಹಳಷ್ಟು ಮುಳುಗುತ್ತವೆ, ಕೆಲವು ಹಾಕಿದಷ್ಟು ವಾಪಸ್ ಕೊಡುತ್ತವೆ. ಹಾಗಾಗಿ ಒಂದೋ ಎರಡೋ ಕಂಪನಿ ಇಡೀ ಫಂಡಿನ ಭಾರ ಎತ್ತಬೇಕು. ನಿಮ್ಮ ಕಂಪನಿ ದೊಡ್ಡದಾಗುವ ಹೊತ್ತಿಗೆ ಅವರ ಪಾಲು 10%ಗೆ ಇಳಿದಿರುತ್ತದೆ ಅಂದುಕೊಳ್ಳಿ. ಆ 10% ಇಡೀ 100 ಕೋಟಿಯನ್ನು ವಾಪಸ್ ತರಬೇಕಾದರೆ ನಿಮ್ಮ ಕಂಪನಿಯ ಬೆಲೆ 1,000 ಕೋಟಿ ಆಗಬೇಕು.

ಎದುರಿಗೆ ಕೂತವರ ತಲೆಯಲ್ಲಿ ಓಡುತ್ತಿರುವ ಪ್ರಶ್ನೆ ಇದೊಂದೇ: ಇದು 1,000 ಕೋಟಿ ಆಗುತ್ತದಾ? ವರ್ಷಕ್ಕೆ 50 ಲಕ್ಷ ನಿವ್ವಳ ಲಾಭ ಬರುವ ವ್ಯವಹಾರ ನಿಮ್ಮ ಮನೆಗೆ ಬಂಗಾರ. ಅವರಿಗೆ ಅದು ಬೇಡದ ಸರಕು.

2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಲಿಪ್‌ಕಾರ್ಟ್‌ಗೆ ಆಕ್ಸೆಲ್ ಅನ್ನುವ ವಿಸಿ ಕಂಪನಿ ಮೊದಮೊದಲೇ ದುಡ್ಡು ಹಾಕಿತ್ತು. 2018ರಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು 77% ತಗೊಂಡಿತು. ವಿಸಿಗಳು ಹುಡುಕುವುದು ಆ ಜಾತಿಯ ಮೀನು. ಅದೇ ಬೆಂಗಳೂರಿನ ಷೇರು ಬ್ರೋಕರ್ ಕಂಪನಿ ಝೆರೋಧಾ ವಿಸಿ ದುಡ್ಡನ್ನೇ ಮುಟ್ಟದೆ ಬೆಳೆಯಿತು. ಎರಡೂ ದಾರಿ ಇವೆ.

ಹೆಜ್ಜೆ 2: ನಿಮ್ಮದು ಈ ದಾರಿಯದ್ದಾ ಅಂತ ನೀವೇ ಹೇಳಿಕೊಳ್ಳಿ

ಇಲ್ಲಿ ಪ್ರಾಮಾಣಿಕವಾಗಿದ್ದರೆ ಎರಡು ವರ್ಷ ಉಳಿಯುತ್ತದೆ.

ಬೀದರಿನ ಗೆಳೆಯನೊಬ್ಬ ಬಿದ್ರಿ ಕಲೆಯ ವಸ್ತುಗಳನ್ನು ಆನ್‌ಲೈನ್‌ನಲ್ಲಿ ಮಾರುವ ಯೋಜನೆ ತಂದಿದ್ದ. ಚಂದದ ಕೆಲಸ. ಸತು, ತಾಮ್ರದ ಎರಕ, ಅದರ ಮೇಲೆ ಕೈಯಲ್ಲಿ ಕೊರೆದು ಕೂರಿಸುವ ಬೆಳ್ಳಿ, ಕೊನೆಗೆ ಕೋಟೆಯ ಮಣ್ಣಿನಿಂದ ಬರುವ ಆ ಕಪ್ಪು. ಹೂಡಿಕೆದಾರರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಮುಂದಿನ ತಿಂಗಳು ಹತ್ತು ಪಟ್ಟು ಆರ್ಡರ್ ಬಂದರೆ?" ಹತ್ತು ಪಟ್ಟು ಕುಶಲಕರ್ಮಿಗಳು ಎಲ್ಲಿಂದ ಬರಬೇಕು? ಒಂದು ಹೂದಾನಿಗೆ ಹಿಡಿಯುವ ದಿನ ಹಿಡಿಯುತ್ತದೆ. ಕೈಯ ಕೆಲಸ ಪಟ್ಟು ಪಟ್ಟಾಗಿ ಬೆಳೆಯುವುದಿಲ್ಲ. ಅವನಿಗೆ ಬೇಸರ ಆಯಿತು. ಆದರೆ ಪ್ರಶ್ನೆ ಸರಿಯೇ ಇತ್ತು. ಅವನು ಆಮೇಲೆ ಬ್ಯಾಂಕಿನ ಕಡೆ ತಿರುಗಿದ.

ಯಾದಗಿರಿ ಕಡೆಯ ಉದಾಹರಣೆ ನೋಡಿ. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟಿತೋ ಇಲ್ಲವೋ ಅಳೆಯುವ ಸೆನ್ಸರ್. ಸಮಸ್ಯೆ ನಿಜ, ತಂತ್ರಜ್ಞಾನವೂ ಇದೆ. ಆದರೆ ದುಡ್ಡು ಕೊಡುವವರು ಯಾರು? ಇಲಾಖೆ. ಟೆಂಡರ್ ಆಗಬೇಕು, ಬಿಲ್ ಪಾಸಾಗಬೇಕು. ಗ್ರಾಹಕ ಬರೀ ಸರ್ಕಾರ ಅಂದರೆ ಶುರುವಿನ ಹಂತದ ವಿಸಿಗಳಲ್ಲಿ ಹೆಚ್ಚಿನವರು ಹಿಂದೆ ಸರಿಯುತ್ತಾರೆ. ರೈತರ ಸಂಘವೋ, ಬೀಜ ಕಂಪನಿಯೋ, ವಿಮಾ ಕಂಪನಿಯೋ ದುಡ್ಡು ಕೊಡುವ ಹಾಗೆ ಮಾಡಲು ಆಗುತ್ತದಾ ಅಂತ ಮೊದಲು ಹುಡುಕಿ.

ನಮ್ಮ ಕಲಬುರಗಿಯದ್ದು ತೊಗರಿ. 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು ಅಂತ ಎಲ್ಲರಿಗೂ ಗೊತ್ತು. ಗಂಜ್‌ನಲ್ಲಿ, ಅಂದರೆ ನಮ್ಮ ಕಾಳಿನ ಮಾರುಕಟ್ಟೆಯಲ್ಲಿ, ಇವತ್ತಿಗೂ ಕಾಳಿನ ಗುಣಮಟ್ಟ ನೋಡುವುದು ಹೇಗೆ? ಚೀಲಕ್ಕೆ ಕೈ ಹಾಕಿ, ಒಂದು ಮುಷ್ಟಿ ತೆಗೆದು, ಅಂಗೈ ಮೇಲೆ ಹರವಿ. ಹಲ್ಲಲ್ಲಿ ಕಡಿದು ತೇವ ಹೇಳುವವರೂ ಇದ್ದಾರೆ, ಬಹಳ ಸಲ ಅವರ ಮಾತು ಸರಿಯೂ ಇರುತ್ತದೆ. ಇದೇ ಕೆಲಸವನ್ನು ಕ್ಯಾಮೆರಾದಿಂದ ಮಾಡುವ ಯಂತ್ರ ಅಂತಿಟ್ಟುಕೊಳ್ಳಿ. ಇಂದು ತೊಗರಿ, ನಾಳೆ ಕಡಲೆ, ಹೆಸರು, ನಾಡಿದ್ದು ಲಾತೂರು, ಅಕೋಲಾ, ಇಂದೋರಿನ ಮಿಲ್‌ಗಳು. ಸಾಫ್ಟ್‌ವೇರ್ ಒಂದೇ. ಇದು ವಿಸಿ ಕಿವಿ ನಿಮಿರುವ ಥರದ್ದು. ಮುಂದಕ್ಕೆ ಈ ಯಂತ್ರವನ್ನೇ ಉದಾಹರಣೆಯಾಗಿ ಹಿಡಿಯುತ್ತೇನೆ.

ನಿಮ್ಮ ವ್ಯವಹಾರ ಈ ಥರದ್ದಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಕೇಂದ್ರದ ಸ್ವಉದ್ಯೋಗ ಯೋಜನೆ ಪಿಎಂಇಜಿಪಿಯಲ್ಲಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗೆ ಸಾಲ, ಜೊತೆಗೆ ಸಬ್ಸಿಡಿ ಇದೆ. ಅಡಮಾನ ಇಲ್ಲದವರಿಗೆ ಬ್ಯಾಂಕಿನ ಎದುರು ಸಾಲಕ್ಕೆ ಜಾಮೀನು ನಿಲ್ಲುವ ಸಿಜಿಟಿಎಂಎಸ್‌ಇ ಗ್ಯಾರಂಟಿ ಇದೆ. ಇಲ್ಲಿಗೇ ಓದು ನಿಲ್ಲಿಸಿ ಬ್ಯಾಂಕ್ ಮ್ಯಾನೇಜರರನ್ನು ಕಾಣಬಹುದು.

ಹೆಜ್ಜೆ 3: ಮೊದಲು ಮಿಲ್ಲಿಗೆ ಹೋಗಿ, ಬೆಂಗಳೂರಿಗೆ ಆಮೇಲೆ

ನಾವು ಇಂಥದ್ದೇ ಒಂದು ಪೆಟ್ಟಿಗೆ ಮಾಡಿದ್ದೆವು. ಮನೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಬಲು ಚೆನ್ನಾಗಿ ನಡೆಯಿತು. ಮಿಲ್ಲಿಗೆ ತಗೊಂಡು ಹೋಗಿ ಬೆಳಿಗ್ಗೆ ಹತ್ತಕ್ಕೆ ಇಟ್ಟೆವು. ಊಟದ ಹೊತ್ತಿಗೆ ಅದು ಎಲ್ಲಾ ಕಾಳನ್ನೂ "ಹಾಳಾದದ್ದು" ಅಂತ ತೋರಿಸತೊಡಗಿತು. ನೋಡಿದರೆ ಕ್ಯಾಮೆರಾ ಕಣ್ಣಿನ ಮೇಲೆ ತೊಗರಿ ಹೊಟ್ಟಿನ ಧೂಳು, ಹಿಟ್ಟು ಬಳಿದ ಹಾಗೆ. ಹಮಾಲರೊಬ್ಬರು ಪಾಪ ಸಹಾಯ ಮಾಡೋಣ ಅಂತ ಹೆಗಲ ಮೇಲಿನ ಟವಲ್ಲಿನಿಂದ ಒರೆಸಿದರು. ಗಾಜಿನ ಮೇಲೆ ಗೀರು ಬಿತ್ತು. ಮಿಲ್ಲಿನ ಸಾವ್ಕಾರರು ನಕ್ಕರು: "ತಮ್ಮಾ, ಇದು ನಮ್ ಮಿಲ್ಲಿನಾಗ ಎಷ್ಟು ದಿನ ಬಾಳ್ತದ?"

ಆ ಒಂದು ಪ್ರಶ್ನೆ ನಮ್ಮ ಇಡೀ ವಿನ್ಯಾಸ ಬದಲಿಸಿತು. ಕ್ಯಾಮೆರಾ ಮುಂದೆ ಗಾಳಿ ಊದುವ ಸಣ್ಣ ಫ್ಯಾನ್ ಬಂತು, ಬದಲಿಸಬಹುದಾದ ಗಾಜು ಬಂತು. ಬೆಂಗಳೂರಿನ ಸ್ಪರ್ಧಿಗೆ ಈ ಧೂಳು ಗೊತ್ತಿರುವುದಿಲ್ಲ. ನಮಗೆ ಗೊತ್ತಿದೆ. ಇಲ್ಲಿ ಕೂತಿರುವುದರ ಲಾಭ ಇದೇ. ಅದನ್ನು ಬರೆದಿಟ್ಟುಕೊಳ್ಳಿ, ಪಿಚ್ ಮಾಡುವಾಗ, ಅಂದರೆ ಹೂಡಿಕೆದಾರರಿಗೆ ವಿವರಿಸುವಾಗ, ಬೇಕಾಗುತ್ತದೆ.

ಪ್ರಯೋಗಕ್ಕೆ ಸಮಯ ಮುಖ್ಯ. ತೊಗರಿ ಬಿತ್ತುವುದು ಜೂನ್, ಜುಲೈನಲ್ಲಿ. ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ಗಂಜ್‌ಗೆ ಮಾಲು ಜೋರಾಗಿ ಬರುವ ಆ ದಿನಗಳಲ್ಲಿ ಸಿಗುವ ಪುರಾವೆ ಆಗಸ್ಟ್‌ನಲ್ಲಿ ಸಿಗುವುದಿಲ್ಲ. ಒಂದು ಸುಗ್ಗಿ ತಪ್ಪಿದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ಪುಕ್ಕಟೆ ಕೊಡಬೇಡಿ. ತಿಂಗಳಿಗೆ 2,000 ರೂಪಾಯಿ ಆದರೂ ಸರಿ, ದುಡ್ಡು ತಗೊಳ್ಳಿ. "ಛಲೋ ಅದ, ಛಲೋ ಅದ" ಅನ್ನುವ ಮಾತಿಗೂ ಫೋನ್‌ಪೇ ಮಾಡುವ ಕೈಗೂ ಬಹಳ ದೂರ ಇದೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಇಡಿ: ಎಷ್ಟು ಮಿಲ್ ನೋಡಿದವು, ಎಷ್ಟು ದುಡ್ಡು ಕೊಟ್ಟವು, ಎರಡನೇ ತಿಂಗಳೂ ಕೊಟ್ಟವು ಎಷ್ಟು, ದುಡ್ಡು ಕೈಗೆ ಬರಲು ಎಷ್ಟು ದಿನ ಹಿಡಿಯಿತು. ಕೊನೆಯ ಸಾಲು ನಮ್ಮ ಕಡೆ ಬಹಳ ಮುಖ್ಯ. ಗಂಜ್ ನಡೆಯುವುದೇ ಉದ್ರಿ ಮೇಲೆ. ಉದ್ರಿಯನ್ನು ಆದಾಯ ಅಂತ ತೋರಿಸಿದರೆ ಮುಂದೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವವರ ಎದುರು ಮುಖ ಸಣ್ಣದಾಗುತ್ತದೆ.

ಹೆಜ್ಜೆ 4: ಕಾಗದ ಪತ್ರ, ಮತ್ತು ನಾನು ಮಾಡಿದ ತಪ್ಪು

ಪ್ರೈವೇಟ್ ಲಿಮಿಟೆಡ್ ಕಂಪನಿಯೇ ಬೇಕು. ಪಾಲುದಾರಿಕೆ ಸಂಸ್ಥೆ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ ವಿಸಿಗಳು ಷೇರು ತಗೊಳ್ಳಲು ಆಗುವುದಿಲ್ಲ. ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಸಾಕು. ಎಲ್ಲಾ ಆನ್‌ಲೈನ್‌ನಲ್ಲೇ ಆಗುತ್ತದೆ, ಇಲ್ಲಿನ ಸಿಎ ಮಾಡಿಕೊಡುತ್ತಾರೆ. ಆಮೇಲೆ ಸ್ಟಾರ್ಟಪ್ ಇಂಡಿಯಾದಲ್ಲಿ ಕೇಂದ್ರದ ಕೈಗಾರಿಕಾ ಇಲಾಖೆಯಾದ ಡಿಪಿಐಐಟಿಯ ಮಾನ್ಯತೆ ತಗೊಳ್ಳಿ. ಅದಕ್ಕೆ ಶುಲ್ಕ ಇಲ್ಲ. "ಮಾಡಿಸಿ ಕೊಡ್ತೀನಿ, 15 ಸಾವಿರ ಕೊಡಿ" ಅನ್ನುವವರು ಸಿಗುತ್ತಾರೆ. ಸಂಜೆ ಎರಡು ತಾಸು ಕೂತರೆ ನೀವೇ ಅರ್ಜಿ ಹಾಕಬಹುದು.

ಈಗ ನನ್ನ ಕಥೆ. ನಾನು, ನನ್ನ ಹಾಸ್ಟೆಲ್ ಗೆಳೆಯ ಸೇರಿ ಕಂಪನಿ ಮಾಡಿದೆವು. ಅರ್ಧ ಅರ್ಧ ಷೇರು. ಕಾಗದ ಯಾಕೆ, ನಾವು ನಾವೇ ಅಲ್ವಾ ಅಂದುಕೊಂಡೆವು. ಎಂಟನೇ ತಿಂಗಳಿಗೆ ಅವನಿಗೆ ಪುಣೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಮನೆಯಲ್ಲಿ ತಂಗಿಯ ಮದುವೆ ಇತ್ತು, ಹೋದ. ತಪ್ಪು ಅನ್ನಲಾರೆ. ಆದರೆ ಅರ್ಧ ಕಂಪನಿ ಅವನ ಹೆಸರಲ್ಲೇ ಉಳಿಯಿತು. ಎರಡು ವರ್ಷ ಆದ ಮೇಲೆ ಒಂದು ಫಂಡಿನವರು ನಮ್ಮ ಷೇರು ಪಟ್ಟಿ ನೋಡಿ ಲ್ಯಾಪ್‌ಟಾಪ್ ಮುಚ್ಚಿದರು. "ಕೆಲಸ ಮಾಡದವರ ಕೈಯಲ್ಲಿ 50% ಇದ್ದರೆ ನಾವೇನು ಮಾಡೋದು?" ಅಂದರು. ಅದನ್ನು ಬಿಡಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು, ಸ್ನೇಹವೂ ಸ್ವಲ್ಪ ಹುಳಿಯಾಯಿತು.

ಇದಕ್ಕೆ ಮದ್ದು ವೆಸ್ಟಿಂಗ್. ಷೇರು ಒಂದೇ ಸಲ ನಿಮ್ಮದಾಗುವುದಿಲ್ಲ, ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಆಗುತ್ತದೆ. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟು ಹೋದರೆ ಏನೂ ಇಲ್ಲ. ಎರಡು ವರ್ಷಕ್ಕೆ ಹೋದರೆ ಅರ್ಧ. ಇದನ್ನು ಫೌಂಡರ್‌ಗಳ ಒಪ್ಪಂದದಲ್ಲಿ ಮೊದಲ ದಿನವೇ ಬರೆಸಿ. ನೆನಪಿಡಿ, ಅಣ್ಣ ತಮ್ಮ ಸೇರಿ ಮಾಡಿದ ಕಂಪನಿಗೂ ಇದು ಬೇಕು. ಅಲ್ಲಿ ಇನ್ನೂ ಜಾಸ್ತಿ ಬೇಕು.

ಇನ್ನು ಕೆಲವು ಸಣ್ಣ ವಿಷಯಗಳು, ಆಮೇಲೆ ದೊಡ್ಡದಾಗುವಂಥವು. ಕೋಡ್ ಬರೆದುಕೊಟ್ಟ ಹುಡುಗನಿಂದ ಹಕ್ಕು ಕಂಪನಿಗೆ ವರ್ಗಾಯಿಸಿದ ಕಾಗದ ಇರಲಿ. ವೆಬ್‌ಸೈಟ್ ಹೆಸರು ಸೋದರಮಾವನ ಮಗನ ಇಮೇಲ್‌ನಲ್ಲಿ ಇದ್ದರೆ ಇವತ್ತೇ ಬದಲಿಸಿ. ಕಾಲೇಜಿನ ಲ್ಯಾಬಿನಲ್ಲಿ ಹುಟ್ಟಿದ ಪ್ರಾಜೆಕ್ಟ್ ಆದರೆ ಹಕ್ಕು ಯಾರದ್ದು ಅಂತ ಕಾಲೇಜಿನಿಂದ ಬರೆಸಿಕೊಳ್ಳಿ. ಅಪ್ಪ ಹೊಲ ಮಾರಿ ಕೊಟ್ಟ ದುಡ್ಡು ನಗದಾಗಿ ಬರಬಾರದು, ಬ್ಯಾಂಕಿನ ಮೂಲಕವೇ ಬರಲಿ. ಅದು ಸಾಲವೋ ಷೇರೋ ಅಂತ ಸ್ಪಷ್ಟ ಇರಲಿ. ನಿರ್ದೇಶಕರು ಮತ್ತು ಅವರ ಹತ್ತಿರದ ಸಂಬಂಧಿಕರಿಂದ ಕಂಪನಿ ಸಾಲ ತಗೊಳ್ಳಬಹುದು. ಆದರೆ ಅದು ಅವರ ಸ್ವಂತ ದುಡ್ಡು, ಬೇರೆಯವರಿಂದ ಸಾಲ ತಂದದ್ದಲ್ಲ ಅಂತ ಬರೆದುಕೊಡಬೇಕು. ಅಪ್ಪನ ಗೆಳೆಯರಿಂದ ತಗೊಂಡರೆ ಅದು ಠೇವಣಿ ನಿಯಮಕ್ಕೆ ಸಿಕ್ಕಿಬೀಳಬಹುದು. ಸಿಎ ಹತ್ತಿರ ಕೇಳಿಯೇ ಮುಂದುವರಿಯಿರಿ.

ಹೆಜ್ಜೆ 5: ಪಾಲು ಕೇಳದ ದುಡ್ಡು ಮೊದಲು

ರಾಜ್ಯ ಸರ್ಕಾರದ ಎಲಿವೇಟ್ ಕಾರ್ಯಕ್ರಮ ಆಯ್ಕೆಯಾದ ಸ್ಟಾರ್ಟಪ್‌ಗಳಿಗೆ 50 ಲಕ್ಷದವರೆಗೆ ಅನುದಾನ ಕೊಡುತ್ತಾ ಬಂದಿದೆ. ಷೇರು ಕೇಳುವುದಿಲ್ಲ. ಕೇಂದ್ರ 2021ರಲ್ಲಿ ಶುರು ಮಾಡಿದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಮಾದರಿ ತಯಾರಿಸಲು 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಹೋಗಲು 50 ಲಕ್ಷದವರೆಗೆ ಸಾಲ ಇಲ್ಲವೇ ಮುಂದೆ ಷೇರಾಗಬಹುದಾದ ಸಾಲಪತ್ರದ ನೆರವು ಅಂತ ಇಟ್ಟಿದ್ದರು. ಪಾಲು ಕೇಳದ್ದು ಅನುದಾನ ಮಾತ್ರ. ಅದು ಇನ್‌ಕ್ಯುಬೇಟರ್‌ಗಳ (ಹೊಸ ಕಂಪನಿಗಳಿಗೆ ಆಸರೆ ಕೊಟ್ಟು ಬೆಳೆಸುವ ಸಂಸ್ಥೆಗಳ) ಮೂಲಕ ಕೊಡುವಂಥದ್ದು. ಇಂಥ ಯೋಜನೆಗಳ ಅರ್ಜಿ ಆಗಾಗ ತೆರೆದು ಮುಚ್ಚುತ್ತಿರುತ್ತದೆ, ಅವುಗಳ ವೆಬ್‌ಸೈಟ್ ನೋಡುತ್ತಿರಿ. ದುಡ್ಡು ಕಂತಿನಲ್ಲಿ ಬರುತ್ತದೆ, ಖರ್ಚಿನ ಲೆಕ್ಕ ಕೊಡಬೇಕು. ಅದನ್ನು ನಂಬಿ ಸಂಬಳ ಒಪ್ಪಿಕೊಳ್ಳಬೇಡಿ.

ಬೀದರಿನವರಿಗೆ ಒಂದು ಮಾತು: ನಿಮಗೆ ಹೈದರಾಬಾದ್ ಹತ್ತಿರ. ಬರೀ 140 ಕಿ.ಮೀ. 2015ರಿಂದ ನಡೆಯುತ್ತಿರುವ ಸ್ಟಾರ್ಟಪ್ ಕೇಂದ್ರ ಟಿ-ಹಬ್ ಅಲ್ಲೇ ಇದೆ. ರಾಜ್ಯ ಬೇರೆ ಅಂತ ಹೂಡಿಕೆದಾರರ ದುಡ್ಡು ನಿಲ್ಲುವುದಿಲ್ಲ.

ಹೆಜ್ಜೆ 6: ಯಾವ ಫಂಡ್ ಅಂತ ಆರಿಸಿ

ನೂರು ಜನಕ್ಕೆ ಒಂದೇ ಇಮೇಲ್ ಕಳಿಸುವುದು ನೂರು ಬಾಗಿಲಿಗೆ ಕರಪತ್ರ ಅಂಟಿಸಿದ ಹಾಗೆ. ಹತ್ತು ಫಂಡ್ ಆರಿಸಿ. ಮೂರು ವಿಷಯ ನೋಡಿ. ಒಂದು, ಅವರು ನಿಮ್ಮ ಹಂತದಲ್ಲಿ ದುಡ್ಡು ಹಾಕುತ್ತಾರಾ? 50 ಕೋಟಿಯ ಚೆಕ್ ಬರೆಯುವವರಿಗೆ ನೀವು 2 ಕೋಟಿ ಕೇಳಿದರೆ ಉಪಯೋಗ ಇಲ್ಲ. ಎರಡು, ನಿಮ್ಮ ಕ್ಷೇತ್ರ ಅವರಿಗೆ ಗೊತ್ತಾ? ಕೃಷಿ ತಂತ್ರಜ್ಞಾನಕ್ಕೆ ಅಂತಲೇ ಹೂಡುವ ಮುಂಬೈನ ಓಮ್ನಿವೋರ್ ಥರದವರಿಗೆ ದಾಲ್ ಮಿಲ್ ಅಂದರೇನು ಅಂತ ವಿವರಿಸುತ್ತಾ ಕೂರಬೇಕಿಲ್ಲ. ಮೂರನೆಯದ್ದನ್ನು ಯಾರೂ ಕೇಳುವುದಿಲ್ಲ: ಫಂಡಿನ ವಯಸ್ಸು ಎಷ್ಟು? ಹೊಸ ಕಂಪನಿಗಳಿಗೆ ಚೆಕ್ ಬರೆಯುವುದು ಹೆಚ್ಚಾಗಿ ಮೊದಲ ಮೂರು ನಾಲ್ಕು ವರ್ಷ. ಆಮೇಲೆ ಉಳಿದ ದುಡ್ಡು ಹಳೆಯ ಕಂಪನಿಗಳಿಗೆ ಮೀಸಲು. ಮೊದಲ ಫೋನಿನಲ್ಲೇ ಕೇಳಿ: "ಈ ಫಂಡಿನಿಂದ ಈಗ ಹೊಸ ಹೂಡಿಕೆ ಮಾಡ್ತಾ ಇದ್ದೀರಾ?" ಕೇಳಿದರೆ ಮರ್ಯಾದೆ ಜಾಸ್ತಿಯೇ ಆಗುತ್ತದೆ.

ಸೆಬಿ ವೆಬ್‌ಸೈಟಿನಲ್ಲಿ ನೋಂದಾಯಿತ ಎಐಎಫ್‌ಗಳ ಪಟ್ಟಿ ಇದೆ. ಹೆಸರು ಅಲ್ಲಿದೆಯಾ ನೋಡಿ. ನಿಜವಾದ ವಿಸಿ ನಿಮ್ಮಿಂದ ಮುಂಗಡವಾಗಿ ದುಡ್ಡು ಕೇಳುವುದಿಲ್ಲ. ಪ್ರೊಸೆಸಿಂಗ್ ಫೀ, ಫೈಲ್ ಚಾರ್ಜ್, "ಮುಂಬೈ ಪಾರ್ಟಿಗೆ ತೋರಿಸಲು" 50 ಸಾವಿರ ಅಂದರೆ ಫೋನ್ ಇಟ್ಟುಬಿಡಿ. ನಮ್ಮೂರಿನಲ್ಲೇ ಇಂಥ ಮಧ್ಯವರ್ತಿಯೊಬ್ಬರ ಮಾತು ಕೇಳಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ.

ಪರಿಚಯ ಹೇಗೆ? ಆ ಫಂಡ್ ದುಡ್ಡು ಹಾಕಿದ ಕಂಪನಿಯ ಫೌಂಡರ್ ಒಬ್ಬರು ನಿಮ್ಮ ಹೆಸರು ಹೇಳಿದರೆ ಅದಕ್ಕಿಂತ ದೊಡ್ಡ ಶಿಫಾರಸು ಇಲ್ಲ. ಅದು ಸಿಗದಿದ್ದರೆ ಚಿಕ್ಕ ಇಮೇಲ್ ಸಾಕು. ಐದು ಸಾಲು. ಹೀಗೆ: "ತೊಗರಿ ಕಾಳಿನ ಗುಣಮಟ್ಟವನ್ನು 40 ಸೆಕೆಂಡಿನಲ್ಲಿ ಹೇಳುವ ಯಂತ್ರ ಮಾಡಿದ್ದೇವೆ. ಕಲಬುರಗಿಯ 9 ದಾಲ್ ಮಿಲ್‌ಗಳು ದುಡ್ಡು ಕೊಟ್ಟು ಬಳಸುತ್ತಿವೆ, 7 ಮಿಲ್‌ಗಳು ಮೂರನೇ ತಿಂಗಳೂ ಮುಂದುವರಿಸಿವೆ. ನಾವಿಬ್ಬರು ಫೌಂಡರ್‌ಗಳು, ಒಬ್ಬರ ಮನೆಯಲ್ಲಿ ಮೂವತ್ತು ವರ್ಷದಿಂದ ಅಡತಿ ವ್ಯಾಪಾರ ಇದೆ. ಮುಂದಿನ ಸುಗ್ಗಿಗೆ 60 ಮಿಲ್ ಮುಟ್ಟಲು 2 ಕೋಟಿ ಬೇಕು. ವಿಡಿಯೋ ಜೊತೆಗಿದೆ." ಇಷ್ಟರಲ್ಲಿ "ಕ್ರಾಂತಿ" ಅನ್ನುವ ಪದ ಇಲ್ಲ, ಗಮನಿಸಿ.

ಹೆಜ್ಜೆ 7: ಮಾತುಕತೆ

ಸ್ಲೈಡ್‌ಗಳು 10 ಅಥವಾ 12 ಸಾಕು. ನಾನು ಮೊದಲ ಸಲ 41 ಸ್ಲೈಡ್ ತಗೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದೆ. ಆರನೆಯದಕ್ಕೆ ಅವರ ಸಮಯ ಮುಗಿಯಿತು. ನೋಟ್‌ಬುಕ್ಕಿನ ಆ ನಾಲ್ಕು ಸಾಲುಗಳನ್ನು ಮೂರನೇ ಸ್ಲೈಡಿನೊಳಗೆ ತನ್ನಿ.

ಇಂಗ್ಲಿಷ್ ಬಗ್ಗೆ ನಮ್ಮ ಹುಡುಗರಿಗೆ ಅಂಜಿಕೆ. ನನ್ನ ಅನುಭವ ಏನೆಂದರೆ, ಸಣ್ಣ ಸಣ್ಣ ವಾಕ್ಯ, ಸರಿಯಾದ ಅಂಕಿ ಇದ್ದರೆ ಯಾರೂ ವ್ಯಾಕರಣ ಹಿಡಿಯುವುದಿಲ್ಲ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ನೋಡಿ ನಾಳೆ ಹೇಳ್ತೇನೆ" ಅನ್ನಿ, ಮತ್ತೆ ನಾಳೆ ಹೇಳಿ.

"ಬೆಂಗಳೂರಿಗೆ ಬರ್ತೀರಾ?" ಅಂತ ಕೇಳಿಯೇ ಕೇಳುತ್ತಾರೆ. ಸುಮ್ನೆ ಹೂಂ ಅನ್ನಬೇಡಿ. ಮಿಲ್‌ಗಳು ಇಲ್ಲಿವೆ, ಯಂತ್ರದ ಪರೀಕ್ಷೆ ಇಲ್ಲಿ. ಒಳ್ಳೆಯ ಸಾಫ್ಟ್‌ವೇರ್ ಜನ ಬೇಕಾದಾಗ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಮೂರು ನಾಲ್ಕು ಜನರ ತಂಡ ಇಡುತ್ತೇವೆ ಅಂತ ಹೇಳಿ. ಆಸಕ್ತಿ ತೋರಿಸಿದವರನ್ನು ಜನವರಿಯಲ್ಲಿ ಇಲ್ಲಿಗೇ ಕರೆಯಿರಿ. ಬೆಳಿಗ್ಗೆ ಗಂಜ್‌ನಲ್ಲಿ ತೊಗರಿ ರಾಶಿಗಳ ನಡುವೆ ಒಂದು ತಾಸು ನಿಂತರೆ ಇಪ್ಪತ್ತು ಸ್ಲೈಡ್ ಹೇಳದ್ದು ಅವರಿಗೆ ಅರ್ಥವಾಗುತ್ತದೆ.

ವಿಸಿಗಳು "ಇಲ್ಲ" ಅನ್ನುವುದು ಕಡಿಮೆ. "ಇನ್ನೂ ಸ್ವಲ್ಪ ಟ್ರ್ಯಾಕ್ಷನ್ (ಗ್ರಾಹಕರು, ಆದಾಯ) ಬರಲಿ, ಸಂಪರ್ಕದಲ್ಲಿರೋಣ" ಅನ್ನುತ್ತಾರೆ. ಹೆಣ್ಣು ನೋಡಲು ಬಂದವರು ಅವಲಕ್ಕಿ, ಚಹಾ ಮುಗಿಸಿ "ಹಿರಿಯರ ಜೋಡಿ ಮಾತಾಡಿ ತಿಳಿಸ್ತೀವ್ರಿ" ಅಂದ ಹಾಗೆ. ಉತ್ತರ ಗೊತ್ತಾಯಿತಲ್ಲ? ಬೇಜಾರಾಗದೆ ಮುಂದಿನವರ ಹತ್ತಿರ ಹೋಗಿ. ಮೂರು ತಿಂಗಳಿಗೊಮ್ಮೆ ಅವರಿಗೂ ಹೊಸ ಅಂಕಿ ಕಳಿಸುತ್ತಿರಿ, ಎರಡನೇ ಸಲ ನೋಡಲು ಬರುವವರೂ ಇರುತ್ತಾರೆ.

ಮೊದಲ ಫೋನಿನಿಂದ ದುಡ್ಡು ಬ್ಯಾಂಕಿಗೆ ಬೀಳುವ ತನಕ ನಾಲ್ಕರಿಂದ ಆರು ತಿಂಗಳು ಇಟ್ಟುಕೊಳ್ಳಿ. ಸುಗ್ಗಿಗೆ ಯಂತ್ರ ತಯಾರಿರಬೇಕು ಅಂದರೆ ಹಿಂದಿನ ಸುಗ್ಗಿಯ ಅಂಕಿ ಹಿಡಿದು ಏಪ್ರಿಲ್‌ನಲ್ಲೇ ಹೊರಡಬೇಕು.

ಹೆಜ್ಜೆ 8: ಟರ್ಮ್ ಶೀಟ್, ಪೆನ್ನು ಹಿಡಿದು ಓದಿ

ಯಾರೋ ಹೂಂ ಅಂದರು, ಟರ್ಮ್ ಶೀಟ್, ಅಂದರೆ ಹೂಡಿಕೆಯ ಷರತ್ತುಗಳ ಪಟ್ಟಿ, ಬಂತು. ಮನೆಯಲ್ಲಿ ಹೋಳಿಗೆ ಮಾಡಿಸಬೇಡಿ, ಇನ್ನೂ ದುಡ್ಡು ಬಂದಿಲ್ಲ. ಇದರಲ್ಲಿ ಹೆಚ್ಚಿನ ಷರತ್ತುಗಳು ಕಾನೂನಿನ ಪ್ರಕಾರ ಕಟ್ಟಿಹಾಕುವುದಿಲ್ಲ. ಗುಟ್ಟು ಕಾಯುವುದು ಮತ್ತು ಇಷ್ಟು ದಿನ ಬೇರೆ ಹೂಡಿಕೆದಾರರ ಜೊತೆ ಮಾತಾಡಬಾರದು ಅನ್ನುವ ಷರತ್ತು ಮಾತ್ರ ಕಟ್ಟಿಹಾಕುತ್ತವೆ. ಆ ಗಡುವು 30ರಿಂದ 60 ದಿನದೊಳಗೆ ಇರಲಿ.

ಪಾಲಿನ ಲೆಕ್ಕ ಹೀಗೆ. ದುಡ್ಡು ಹಾಕುವ ಮುಂಚೆ ಕಂಪನಿಯ ಬೆಲೆ 8 ಕೋಟಿ ಅಂತ ಒಪ್ಪಿಕೊಂಡಿರಿ. ಅವರು 2 ಕೋಟಿ ಹಾಕುತ್ತಾರೆ. ಈಗ ಬೆಲೆ 10 ಕೋಟಿ, ಅವರದ್ದು 20%. ನಿಮ್ಮದು 80% ಅಂದುಕೊಂಡಿರಾ? ಕೆಳಗೆ ಒಂದು ಸಾಲಿರುತ್ತದೆ: ಹೂಡಿಕೆ ಆದ ಮೇಲಿನ ಒಟ್ಟು ಷೇರಿನಲ್ಲಿ 10% ನೌಕರರಿಗೆ ಮೀಸಲು, ಅದನ್ನು ಹೂಡಿಕೆಗೆ ಮುಂಚೆಯೇ ತೆಗೆದಿಡಬೇಕು ಅಂತ. ಅದು ನಿಮ್ಮ ಪಾಲಿನಿಂದಲೇ ಹೋಗುತ್ತದೆ. ಉಳಿದದ್ದು 70%. ಇಬ್ಬರಿದ್ದರೆ ತಲಾ 35%. ಮುಂದಿನ ಸುತ್ತಿನಲ್ಲಿ ಇನ್ನೊಬ್ಬರು 20% ತಗೊಂಡರೆ ತಲಾ 28%. ಹೀಗೆ ಕರಗುತ್ತಾ ಹೋಗುತ್ತದೆ. ಅದಕ್ಕೇ ಮೊದಲ ಸುತ್ತಿನಲ್ಲೇ 35%, 40% ಬಿಟ್ಟುಕೊಟ್ಟವರಿಗೆ ಮುಂದೆ ಯಾರೂ ಸಿಗುವುದಿಲ್ಲ. ಫೌಂಡರ್ ಕೈಯಲ್ಲಿ ಏನೂ ಉಳಿಯದ ಕಂಪನಿ ಅವರಿಗೂ ಬೇಡ.

ಎರಡನೆಯದು ಲಿಕ್ವಿಡೇಷನ್ ಪ್ರಿಫರೆನ್ಸ್. ಹೆಸರು ದೊಡ್ಡದು, ಅರ್ಥ ಸಣ್ಣದು: ಕಂಪನಿ ಮಾರಿದಾಗ ಮೊದಲು ಎಲೆ ಹಾಕುವುದು ಯಾರಿಗೆ? ಕಂಪನಿ 5 ಕೋಟಿಗೆ ಮಾರಾಟ ಆಯಿತು ಅನ್ನಿ. 1X, ನಾನ್ ಪಾರ್ಟಿಸಿಪೇಟಿಂಗ್ ಅಂತ ಬರೆದಿದ್ದರೆ ಅವರು ಹಾಕಿದ 2 ಕೋಟಿ ವಾಪಸ್ ತಗೊಳ್ಳಬಹುದು, ಇಲ್ಲವೇ 20% ಪಾಲು, ಅಂದರೆ 1 ಕೋಟಿ ತಗೊಳ್ಳಬಹುದು. 2 ಕೋಟಿ ತಗೊಳ್ಳುತ್ತಾರೆ, ಉಳಿದ 3 ಕೋಟಿ ನಿಮ್ಮ ಕಡೆಯವರಿಗೆ. ಪಾರ್ಟಿಸಿಪೇಟಿಂಗ್ ಅಂತಿದ್ದರೆ 2 ಕೋಟಿಯನ್ನೂ ತಗೊಂಡು, ಉಳಿದ 3 ಕೋಟಿಯಲ್ಲೂ 20%, ಅಂದರೆ 60 ಲಕ್ಷ ತಗೊಳ್ಳುತ್ತಾರೆ. ಉಂಡು, ಕಟ್ಟಿಕೊಂಡೂ ಹೋದ ಹಾಗೆ. ನಾನ್ ಪಾರ್ಟಿಸಿಪೇಟಿಂಗ್, 1X, ಅದಕ್ಕಿಂತ ಜಾಸ್ತಿ ಬೇಡ.

ಮುಂದೆ ಷೇರು ಬೆಲೆ ಬಿದ್ದರೆ ಅವರಿಗೆ ಕೊಡುವ ರಕ್ಷಣೆಯಲ್ಲಿ "ಫುಲ್ ರ್ಯಾಚೆಟ್" (ಅವರ ಹಳೆಯ ಷೇರಿನ ಬೆಲೆಯನ್ನೂ ಹೊಸ ಕಡಿಮೆ ಬೆಲೆಗೆ ಪೂರ್ತಿ ಇಳಿಸುವುದು) ಅನ್ನುವ ಪದ ಕಂಡರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. "ಬ್ರಾಡ್ ಬೇಸ್ಡ್ ವೆಯ್ಟೆಡ್ ಆವರೇಜ್" (ಹಳೆಯ, ಹೊಸ ಷೇರುಗಳ ಸರಾಸರಿ ನೋಡಿ ಸ್ವಲ್ಪ ಮಾತ್ರ ಇಳಿಸುವುದು) ಆದರೆ ನಡೆಯುತ್ತದೆ. ಅವರ ಒಪ್ಪಿಗೆ ಇಲ್ಲದೆ ಮಾಡಬಾರದ ಕೆಲಸಗಳ ಪಟ್ಟಿ ಓದಿ. ಕಂಪನಿ ಮಾರುವುದು, ಹೊಸ ಷೇರು ಕೊಡುವುದು ಸರಿ. 50 ಸಾವಿರದ ಲ್ಯಾಪ್‌ಟಾಪ್‌ಗೂ ಕೇಳಬೇಕು ಅಂದರೆ ಮಾತಾಡಿ. ಮನೆ, ಹೊಲದ ಮೇಲೆ ವೈಯಕ್ತಿಕ ಗ್ಯಾರಂಟಿ ಕೇಳಿದರೆ ಎದ್ದು ಬನ್ನಿ. ಅದು ಪಾಲಿನ ಹೆಸರಲ್ಲಿ ಬಂದ ಲಾವಣಿ.

ನಿಮ್ಮದೇ ವಕೀಲರು ಇರಲಿ, ಸ್ಟಾರ್ಟಪ್ ಒಪ್ಪಂದ ಮಾಡಿಸಿ ಗೊತ್ತಿರುವವರು. ಊರಿನ ಜಮೀನು ವ್ಯಾಜ್ಯದಲ್ಲಿ ಎಷ್ಟೇ ಹುಲಿಯಾದರೂ ಇದು ಬೇರೆ ಕಾಡು.

ಹೆಜ್ಜೆ 9: ದುಡ್ಡು ಬಂದರೂ ಮುಟ್ಟಬೇಡಿ

ಈಗ ತಪಾಸಣೆ. ಜಿಎಸ್‌ಟಿ, ಟಿಡಿಎಸ್, ಒಪ್ಪಂದಗಳು, ಅಪ್ಪನ ಮನೆಯ ಮಹಡಿಯಲ್ಲಿರುವ ಆಫೀಸಿನ ಬಾಡಿಗೆ ಕರಾರು, ಎಲ್ಲಾ ಕೇಳುತ್ತಾರೆ. ಮೊದಲಿನಿಂದ ಒಂದು ಡ್ರೈವ್ ಫೋಲ್ಡರಿನಲ್ಲಿ ಇಟ್ಟವರಿಗೆ ಎರಡು ವಾರ, ಇಡದವರಿಗೆ ಎರಡು ತಿಂಗಳು.

ವಿಸಿಗಳು ಸಾಮಾನ್ಯವಾಗಿ ಸಿಸಿಪಿಎಸ್, ಅಂದರೆ ಕಡ್ಡಾಯವಾಗಿ ಮಾಮೂಲಿ ಷೇರಾಗಿ ಬದಲಾಗುವ ಆದ್ಯತಾ ಷೇರು ತಗೊಳ್ಳುತ್ತಾರೆ. ಬೆಲೆ ಈಗಲೇ ಗೊತ್ತು ಮಾಡಲು ಆಗದಿದ್ದರೆ ಕನ್ವರ್ಟಿಬಲ್ ನೋಟ್, ಅಂದರೆ ಆಮೇಲೆ ಷೇರಾಗಿ ಬದಲಾಗಬಹುದಾದ ಸಾಲಪತ್ರ, ಇದೆ. ಅದಕ್ಕೆ ಡಿಪಿಐಐಟಿ ಮಾನ್ಯತೆ ಇರಬೇಕು, ಒಬ್ಬರು ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಹಾಕಬೇಕು.

ಷೇರಿನ ದುಡ್ಡು ಪ್ರತ್ಯೇಕ ಬ್ಯಾಂಕ್ ಖಾತೆಗೆ ಬರಬೇಕು. ಬಂದ 60 ದಿನದೊಳಗೆ ಷೇರು ಹಂಚಬೇಕು. ಹಂಚಿದ 15 ದಿನದೊಳಗೆ ಕಂಪನಿ ರಿಜಿಸ್ಟ್ರಾರ್‌ಗೆ ಷೇರು ಹಂಚಿಕೆಯ ಲೆಕ್ಕ ಕೊಡುವ ಪಿಎಎಸ್-3 ಫಾರಂ ಸಲ್ಲಿಸಬೇಕು. ಅದು ಸಲ್ಲಿಕೆ ಆಗುವ ತನಕ ಒಂದು ರೂಪಾಯಿಯೂ ಬಳಸಬಾರದು. ಖಾತೆಯಲ್ಲಿ 2 ಕೋಟಿ ಕಾಣುತ್ತಿರುತ್ತದೆ, ಹುಡುಗರಿಗೆ ಸಂಬಳ ಬಾಕಿ ಇರುತ್ತದೆ, ಕೈ ಕಡಿಯುತ್ತದೆ. ಕಡಿಯಲಿ. ವಿದೇಶದ ಹೂಡಿಕೆ ಆದರೆ ಷೇರು ಕೊಟ್ಟ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಸಲ್ಲಿಸುವ ಎಫ್‌ಸಿ-ಜಿಪಿಆರ್ ಫಾರಂ ಕೂಡ ಇದೆ. ಒಂದು ಸಮಾಧಾನ: ಹಿಂದೆ ಎಲ್ಲರನ್ನೂ ಕಾಡುತ್ತಿದ್ದ ಏಂಜೆಲ್ ಟ್ಯಾಕ್ಸ್ (ನ್ಯಾಯವಾದ ಬೆಲೆಗಿಂತ ಜಾಸ್ತಿಗೆ ಷೇರು ಕೊಟ್ಟರೆ ಬೀಳುತ್ತಿದ್ದ ತೆರಿಗೆ) ಅನ್ನು 2024ರ ಜುಲೈ ಬಜೆಟ್‌ನಲ್ಲಿ ತೆಗೆದುಹಾಕಿದರು.

ಹೆಜ್ಜೆ 10: ತಿಂಗಳಿಗೊಂದು ಪತ್ರ

2 ಕೋಟಿಯನ್ನು 18 ತಿಂಗಳಿಗೆ ಹಂಚಿದರೆ ತಿಂಗಳಿಗೆ 11 ಲಕ್ಷ. ಅಷ್ಟೇ. ಮೊದಲ ತಿಂಗಳೇ ಗಾಜಿನ ಕ್ಯಾಬಿನ್ ಮಾಡಿಸಿದವರನ್ನು ನೋಡಿದ್ದೇನೆ. ಆರು ತಿಂಗಳ ದುಡ್ಡು ಉಳಿದಾಗ ಮುಂದಿನ ಸುತ್ತಿಗೆ ಹೊರಟರೆ ತಡವಾಯಿತು ಅಂತಲೇ. ಒಂಬತ್ತು ತಿಂಗಳಿದ್ದಾಗ ಹೊರಡಿ.

ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಹೂಡಿಕೆದಾರರಿಗೆ ಒಂದು ಇಮೇಲ್ ಕಳಿಸಿ. ಕೆಟ್ಟ ಸುದ್ದಿ ಮೊದಲು. ನಾನು ಬರೆಯುವುದು ಹೆಚ್ಚು ಕಡಿಮೆ ಹೀಗಿರುತ್ತದೆ:

"ಈ ತಿಂಗಳು ಎರಡು ಮಿಲ್ ಬಿಟ್ಟುಹೋದವು. ಒಂದಕ್ಕೆ ಬೆಲೆ ಜಾಸ್ತಿ ಅನ್ನಿಸಿದೆ, ಇನ್ನೊಂದು ಮುಚ್ಚಿತು. ಹೊಸದಾಗಿ ಐದು ಸೇರಿದವು, ಒಟ್ಟು 31. ಬರಬೇಕಾದ ಬಾಕಿ 3.2 ಲಕ್ಷ, ಅದರಲ್ಲಿ ಅರ್ಧ 60 ದಿನ ದಾಟಿದೆ. ಮಳೆ ಹಿಡಿದಿದ್ದರಿಂದ ತೇವದ ಅಳತೆ ತಪ್ಪು ತೋರಿಸುತ್ತಿದೆ, ಸರಿ ಮಾಡಲು ಮೂರು ವಾರ ಬೇಕು. ಬ್ಯಾಂಕಿನಲ್ಲಿ 1.21 ಕೋಟಿ ಇದೆ, 11 ತಿಂಗಳಿಗೆ ಸಾಕು. ಲಾತೂರಿನ ಮಿಲ್ ಮಾಲೀಕರ ಸಂಘದಲ್ಲಿ ಯಾರಾದರೂ ಪರಿಚಯ ಇದ್ದರೆ ತಿಳಿಸಿ."